ಮರದ ತುಂಡು ತೇಲಲೇಬೇಕು

ಪ್ರಪಂಚದಲ್ಲಿ ಇಲ್ಲಿಯವರೆಗೆ ಹುಟ್ಟಿದ ಮೇಷ್ಟ್ರುಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ತುಂಬಿ, ನಮ್ಮ ಪಿಸುಪಿಸು ಮಿಸ್ಸನ್ನು ಇನ್ನೊಂದು ತಟ್ಟೆಯಲ್ಲಿ ಕೂರಿಸಿದರೆ, ತಕ್ಕಡಿ ಅವಳ ಕಡೆ ವಾಲುವುದಿರಲಿ, ಆ ಕಡೆಯವರೆಲ್ಲ ಚಿಮ್ಮಿ ಹೋಗಿ ಚಂದ್ರನ ಮೇಲೆ ಬಿದ್ದು, ಅಲ್ಲೇ ಒಂದು ಶಾಲೆ ತೆರೆದು, ಮಧ್ಯಾಹ್ನದೊಳಗೆ ಹಾಜರಿಯನ್ನೂ ಕರೆದು ಮುಗಿಸಿರುತ್ತಾರೆ. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ನಾನು ಉತ್ಪ್ರೇಕ್ಷೆ ಮಾಡುವ ಪೈಕಿಯವನೇ ಅಲ್ಲವೆಂದು ಕೋಟಿ ಸಲ ಹೇಳಿದ್ದೇನೆ.

ಅಂಥವಳೂ ಒಂದು ಕಾಲದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಬಡಪಾಯಿ ವಿದ್ಯಾರ್ಥಿನಿಯಾಗಿದ್ದಳು. ಓದಿನಲ್ಲಿ ಚುರುಕು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಬಾಯಿ ತೆರೆದರೆ ಮಾತ್ರ ಧ್ವನಿ ಗಂಟಲಿನ ಮೆಟ್ಟಿಲ ಮೇಲೇ ಕಾಲು ಚಾಚಿ ಕೂತುಬಿಡುತ್ತಿತ್ತು. ಹೊರಗೆ ಬಂದ ಚೂರುಪಾರೂ ಎಷ್ಟು ಸಣ್ಣದೆಂದರೆ, ಸೋಮವಾರ ಹೇಳಿದ್ದು ಕೊನೆಯ ಬೆಂಚಿಗೆ ಗುರುವಾರ ತಲುಪುತ್ತಿತ್ತು, ಅದೂ ನಡುವೆ ರಜೆ ಬರದಿದ್ದರೆ. ಹಿಂದಿನ ವರ್ಷ ಬೇರೊಂದು ಶಾಲೆಯಲ್ಲಿ ಪರೀಕ್ಷಾ ಪಾಠ ಕೊಟ್ಟಾಗ ಮೂವತ್ತೈದು ನಿಮಿಷ ಬೋರ್ಡಿನ ಮುಂದೆ ನಿಂತು ತುಟಿ ಅಲ್ಲಾಡಿಸಿದ್ದೇ ಬಂತು. ಪರೀಕ್ಷೆ ಮಾಡಲು ಬಂದವರು ತಮ್ಮ ಕಿವಿಯೇ ಕೆಟ್ಟುಹೋಯಿತೆಂದು ಗಾಬರಿಬಿದ್ದು ಅಲ್ಲಿಂದ ನೆಟ್ಟಗೆ ವೈದ್ಯರ ಮನೆಗೆ ಓಡಿದರು. ಅವಳು ಫೇಲು. ಕಾಲೇಜಿನ ನಿಯಮದಂತೆ ಪರೀಕ್ಷಾ ಪಾಠಕ್ಕೆ ಎರಡೇ ಅವಕಾಶ. ಈ ಸಲವೂ ನೂರಕ್ಕೆ ಐವತ್ತು ಬರದಿದ್ದರೆ ಟೀಚರ್ ಆಗುವ ಆಸೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಬೇಕು.

ಈ ಸಲ ಅವಳ ಪಾಲಿಗೆ ಬಂದದ್ದು ಕಾಲೇಜಿನ ಕಾಂಪೌಂಡಿಗೆ ಬೆನ್ನು ಅಂಟಿಸಿಕೊಂಡು ನಿಂತಿದ್ದ ಶಾಲೆ. ಹತ್ತಿರವಿದ್ದ ತಪ್ಪಿಗೆ ವರ್ಷವಿಡೀ ಅಲ್ಲಿ ತರಬೇತಿಯವರದೇ ಸಾಲು. ಬಂದವರೆಲ್ಲ ಮಾಡುತ್ತಿದ್ದದ್ದು ಒಂದೇ ಪಾಠ: ತೇಲುವ ವಸ್ತುಗಳು, ಮುಳುಗುವ ವಸ್ತುಗಳು. ಯಾಕೆಂದರೆ ಅದಕ್ಕೆ ಸಿದ್ಧ ಪಾಠಯೋಜನೆಯ ಫೈಲು ಒಂದಿತ್ತು, ಹಿರಿಯರಿಂದ ಕಿರಿಯರ ಕೈಗೆ ಬರುತ್ತಿತ್ತು. ಜೊತೆಗೆ ಒಂದು ತಗಡಿನ ಪೆಟ್ಟಿಗೆ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿತ್ತು: ಮುಳುಗುವ ವಸ್ತುಗಳು, ಕಬ್ಬಿಣದ ಮೊಳೆ, ಗೋಲಿ. ತೇಲುವ ವಸ್ತುಗಳು, ಬೆಂಡು, ಮರದ ತುಂಡು. ಪರೀಕ್ಷೆಯ ದಿನ ಪೆಟ್ಟಿಗೆಯಲ್ಲಿರುವುದನ್ನು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ ಎಂಬ ಆಜ್ಞೆಯೂ ಮುಚ್ಚಳದ ಒಳಗೆ ಅಂಟಿಸಿತ್ತು.

ಪಾಠವೇನೋ ಐದನೇ ತರಗತಿಯದು. ಆದರೆ ಕೂತು ಕೇಳುವವರು ಏಳನೆಯವರು. ಐದರಲ್ಲಿದ್ದಾಗ ಈ ಪಾಠ ಕೇಳಿಸಿಕೊಳ್ಳುವುದರಲ್ಲಿ ಅವರು ಎಷ್ಟು ಪಳಗಿಬಿಟ್ಟರೆಂದರೆ, ಹೊಸಬರನ್ನು ತಯಾರು ಮಾಡುವ ತಲೆನೋವು ಯಾಕೆಂದು ಶಾಲೆ ಅವರನ್ನೇ ಮುಂದುವರಿಸಿತು. ಆ ನಲವತ್ತೊಂದು ಮಕ್ಕಳು ಅದೇ ಪಾಠವನ್ನು ಒಂಬೈನೂರ ಎಂಬತ್ತು ಸಲ ಕೇಳಿದ್ದರು. ಹೋಗಲಿ, ನೂರ ಹನ್ನೆರಡು ಸಲ. ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಮೊದಲ ದಿನ ಅವಳು ಬಕೆಟ್ಟು, ಪೆಟ್ಟಿಗೆ, ಚಾಕ್‌ಪೀಸು ಹಿಡಿದು ಒಳಗೆ ಬಂದು, ಬೆವರಿದ ಕೈ ಸೀರೆಗೆ ಒರೆಸಿಕೊಂಡು, "ಮಕ್ಕಳೇ," ಎಂದಳು. ಅದು ಅವಳ ಮೂಗಿನ ತುದಿಯವರೆಗೂ ಹೋಗಲಿಲ್ಲ.

"ನೀವೆಲ್ಲ ಹೊಳೆಯಲ್ಲಿ ದೋಣಿ ನೋಡಿದೀರಾ?" ಎಂದು ತರಗತಿಯೇ ಒಕ್ಕೊರಲಿನಿಂದ ಕೇಳಿತು. "ನೋಡಿದೀವಿ ಮಿಸ್!" ಎಂದು ತರಗತಿಯೇ ಉತ್ತರ ಕೊಟ್ಟಿತು. "ಜಾಣರು! ದೋಣಿ ಯಾಕೆ ಮುಳುಗಲ್ಲ?" ಎಂದು ಮತ್ತೆ ಕೇಳಿಕೊಂಡಿತು.

ಅವಳು ಫೈಲು ತೆರೆದು ನೋಡಿದಳು. ಅವಳು ಹೇಳಬೇಕಾದ ಮಾತುಗಳೇ. ಜಾಣರು ಎಂಬುದೂ ಸೇರಿತ್ತು.

ಮೊದಲ ಬೆಂಚಿನಿಂದ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹುಡುಗನೊಬ್ಬ ಎದ್ದು ನಿಂತ. ಅವನನ್ನು ಎಲ್ಲರೂ ಇನ್‌ಸ್ಪೆಕ್ಟರ್ ಎಂದು ಕರೆಯುತ್ತಿದ್ದರು. ಹೆತ್ತವರೂ ಹಾಗೇ ಕರೆಯುತ್ತಿದ್ದರೆಂದು ಕೇಳಿದ್ದೇನೆ.

"ಮಿಸ್, ನೀವು ಹೊಸಬ್ರು. ಗಾಬರಿ ಆಗ್ಬೇಡಿ. ನಿಮ್ಮ ಧ್ವನಿ ಕೇಳದೇ ಇದ್ರೂ ಏನೂ ತೊಂದ್ರೆ ಇಲ್ಲ, ನಮಗೆಲ್ಲ ಬಾಯಿಪಾಠ. ನೀವು ಬಾಯಿ ಮಾತ್ರ ಆಡಿಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ."

"ಆದ್ರೆ..." ಎಂದಳು ಅವಳು.

"ಪೀಠಿಕೆಗೆ ಐದೇ ನಿಮಿಷ ಮಿಸ್, ನೀವು ಈಗಾಗ್ಲೇ ಆರು ನಿಂತಿದೀರ. ಆಮೇಲೆ ಕಿಟಕಿ ಕಡೆ ನಾಲ್ಕು ಹೆಜ್ಜೆ, ಬಾಗಿಲ ಕಡೆ ನಾಲ್ಕು ಹೆಜ್ಜೆ ನಡೀಬೇಕು. ಒಂದೇ ಕಡೆ ಕಂಬದ ಥರ ನಿಂತ್ರೆ ಎರಡು ಅಂಕ ಹೋಗುತ್ತೆ. ಹೋದ ತಿಂಗಳು ಮೀಸೆ ಸರ್‌ಗೆ ಹೋಯ್ತು."

"ಪಾಪ, ಅಳ್ತಾ ಇದ್ರು," ಎಂದಿತು ಹಿಂದಿನಿಂದ ಒಂದು ದನಿ.

ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶನಕ್ಕೆಂದು ಕೂತಿದ್ದವರು ಸಹಿ ಮೇಷ್ಟ್ರು. ಇಪ್ಪತ್ತು ವರ್ಷದಿಂದ ತರಬೇತಿಯವರ ಪಾಠಕ್ಕೆ ಸಹಿ ಹಾಕಿ ಹಾಕಿ, ಅವರ ಮುಂದೆ ಏನೇ ಕಾಗದ ಬಂದರೂ ಕೈ ತಾನಾಗಿ ಓಡುತ್ತಿತ್ತು. ಒಮ್ಮೆ ಬಸ್ ಟಿಕೆಟ್ಟಿನ ಮೇಲೆ "ಉತ್ತಮ ಪ್ರಯತ್ನ, ಧ್ವನಿ ಇನ್ನೂ ಸ್ಪಷ್ಟವಾಗಲಿ" ಎಂದು ಬರೆದು ಕಂಡಕ್ಟರನಿಗೆ ವಾಪಸ್ಸು ಕೊಟ್ಟಿದ್ದರು.

ಪಾಠ ತಾನಾಗಿ ನಡೆಯಿತು. ಮೊಳೆ ಮುಳುಗಿತು, ಗೋಲಿ ಮುಳುಗಿತು, ಬೆಂಡು ತೇಲಿತು. ಆಮೇಲೆ ಫೈಲಿನ ಏಳನೇ ಸಾಲು ಬಂತು. ಅಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಒಂದು ಮಗು ತಪ್ಪು ಉತ್ತರ ಹೇಳುತ್ತದೆ; ಶಿಕ್ಷಕಿ ನಗುಮುಖದಿಂದ ತಿದ್ದುತ್ತಾಳೆ. ಹತ್ತು ಅಂಕ.

ಒಂದು ಮಗು ಎಂದರೆ ಯಾವುದೋ ಒಂದು ಮಗುವಲ್ಲ. ಅದಕ್ಕೆ ಕಾಯಂ ನೇಮಕವಿತ್ತು. ಮೂರನೇ ಸಾಲಿನಲ್ಲಿ ಕೂರುತ್ತಿದ್ದ, ಉಗುರಿಗೆಲ್ಲ ಶಾಯಿ ಮೆತ್ತಿಕೊಂಡ ಹುಡುಗಿ. ಐದನೇ ತರಗತಿಯಲ್ಲಿ ಒಮ್ಮೆ ಬಾಯಿತಪ್ಪಿ ತಪ್ಪು ಹೇಳಿದ್ದಳು. ಅಷ್ಟು ಸಹಜವಾಗಿ ತಪ್ಪು ಹೇಳುವವರು ಬೇರೆ ಸಿಗುವುದಿಲ್ಲವೆಂದು ಆ ಕೆಲಸ ಅವಳಿಗೇ ಅಂಟಿತು. ಆ ಹುದ್ದೆಗೆ ರಜೆಯಿಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಬಂದು, ತಪ್ಪು ಹೇಳಿ, ಮನೆಗೆ ಹೋಗಿ ಮಲಗಿದ್ದಳು.

"ಮರದ ತುಂಡನ್ನು ನೀರಿಗೆ ಹಾಕಿದರೆ ಏನಾಗುತ್ತದೆ?" ಎಂದು ತರಗತಿ ಕೇಳಿತು.

ಹುಡುಗಿ ಎದ್ದಳು. "ಮುಳುಗುತ್ತೆ ಮಿಸ್."

ಎಲ್ಲರೂ ಲೆಕ್ಕ ಹಾಕಿದಂತೆ ಮೂರು ಸೆಕೆಂಡು ನಕ್ಕರು. ಪಿಸುಪಿಸು ಮಿಸ್ ಫೈಲಿನಲ್ಲಿದ್ದ ಹಾಗೆ ನಗುಮುಖ ಮಾಡಿ ಮರದ ತುಂಡನ್ನು ಬಕೆಟ್ಟಿಗೆ ಬಿಟ್ಟಳು. ಅದು ಡುಬುಕ್ಕನೆ ತಳಕ್ಕೆ ಹೋಗಿ ಮೊಳೆಯ ಪಕ್ಕದಲ್ಲಿ ಕೂತಿತು.

"ತೇಲಿತು ಮಿಸ್!" ಎಂದು ನಲವತ್ತು ಮಕ್ಕಳು ಕೂಗಿ ಚಪ್ಪಾಳೆ ತಟ್ಟಿದರು.

ಅವಳು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದಳು.

"ಮುಳುಗಿದೆಯಲ್ಲ?" ಎಂದಳು.

"ಹೌದು ಮಿಸ್, ಹೋದ ವರ್ಷದಿಂದ ಮುಳುಗ್ತಾ ಇದೆ," ಎಂದ ಇನ್‌ಸ್ಪೆಕ್ಟರ್ ಸಮಾಧಾನವಾಗಿ. "ಆದ್ರೆ ಉತ್ತರ ತೇಲುತ್ತೆ ಅಂತಾನೇ."

ಹಿಂದಿನ ಬೆಂಚಿನಿಂದ ಸಹಿ ಮೇಷ್ಟ್ರು ತಲೆ ಎತ್ತದೆ, "ಚೆನ್ನಾಗಿ ಬಂತಮ್ಮಾ," ಎಂದರು.

ಪಾಠ ಮುಗಿದ ಮೇಲೆ ಅವಳು ಅವರನ್ನು ಸ್ಟಾಫ್ ರೂಮಿನಲ್ಲಿ ಹಿಡಿದಳು. ಅಲ್ಲಿದ್ದದ್ದು ಒಂದು ಉದ್ದನೆಯ ಮೇಜು, ಹಿಡಿ ಮುರಿದ ಕಪ್ಪುಗಳು, ತಿದ್ದಬೇಕಾದ ನೋಟುಪುಸ್ತಕದ ಗುಡ್ಡೆ. ಆ ಗುಡ್ಡೆಯ ಹಿಂದೆ ಮೇಷ್ಟ್ರ ನೆತ್ತಿ ಮಾತ್ರ ಕಾಣುತ್ತಿತ್ತು.

"ಸರ್, ಅದು ಮುಳುಗುತ್ತೆ."

"ಯಾವುದಮ್ಮಾ?"

"ಮರದ ತುಂಡು."

"ಮರ ತೇಲುತ್ತಮ್ಮಾ. ಓದಿಲ್ವೇ?"

"ಓದಿದೀನಿ ಸರ್. ಆದ್ರೆ ಇದು..."

"ಮುಚ್ಚಳದ ಮೇಲೆ ಏನಂತ ಬರೆದಿದೆ?"

"ತೇಲುವ ವಸ್ತು ಅಂತ."

"ಮತ್ತೆ?" ಮೇಷ್ಟ್ರು ಗುಡ್ಡೆಯ ಪಕ್ಕದಿಂದ ಮುಖ ಹೊರಗಿಟ್ಟರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ನೋಡಮ್ಮಾ, ಒಂಬತ್ತು ವರ್ಷ ನೀರು ಕುಡಿದಿದೆ ಅದು. ನಾನೂ ಕಾಲೇಜಿಗೆ ಬರೆದೆ, ಹೊಸ ತುಂಡು ಕೊಡಿ ಅಂತ. ಏನು ಉತ್ತರ ಬಂತು ಗೊತ್ತಾ? ಮರದ ತುಂಡು ತೇಲುವ ವಸ್ತುವಾದ್ದರಿಂದ ಅದು ಮುಳುಗಿರುವ ಸಾಧ್ಯತೆ ಇರುವುದಿಲ್ಲ ಅಂತ. ಇನ್ನೇನು ಬರೀಲಿ? ತಗೋ."

ಡ್ರಾಯರಿನಿಂದ ಅವರು ಕಣ್ಣಿಗೆ ಕಾಣದಷ್ಟು ಸಣ್ಣ ನೈಲಾನ್ ದಾರ ತೆಗೆದರು. ಒಂದು ತುದಿಗೆ ಗುಂಡುಪಿನ್ನು, ಇನ್ನೊಂದಕ್ಕೆ ಉಂಗುರ. "ಪಿನ್ನು ಮರಕ್ಕೆ ಚುಚ್ಚು, ಉಂಗುರ ಬೆರಳಿಗೆ ಹಾಕ್ಕೋ. ಕೈ ನೀರಿನ ಮೇಲೆ ಹರಸೋ ಥರ ಹಿಡಿ. ಹೋದ ವರ್ಷದಿಂದ ಎಲ್ಲರೂ ಹೀಗೇ ತೇಲಿಸಿ ಪಾಸಾಗಿದ್ದಾರೆ. ಈಗ ಕೆಲಸಕ್ಕೆ ಸೇರಿ ಅವರೂ ತೇಲಿಸ್ತಾ ಇದ್ದಾರೆ."

ಅವಳು ತಗೊಂಡಳು. ಯಾಕೆ ತಗೊಳ್ಳಬಾರದು? ಮಾತಾಡಲು ಬಾರದವಳಿಗೆ ಮಾತಾಡದೆಯೇ ಪಾಸಾಗುವ ತರಗತಿ ಸಿಕ್ಕಿತ್ತು. ಹಸಿದವಳಿಗೆ ಜಗಿಯುವ ಕೆಲಸವೂ ಇಲ್ಲದೆ ಊಟ ಸಿಕ್ಕ ಹಾಗೆ. ಮೂವತ್ತು ದಿನ ಅಭ್ಯಾಸ ಮಾಡಿದಳು. ಬಾಯಿ ಆಡಿಸುವುದು, ಕಿಟಕಿಯ ಕಡೆ ನಾಲ್ಕು ಹೆಜ್ಜೆ, ಬಾಗಿಲ ಕಡೆ ನಾಲ್ಕು ಹೆಜ್ಜೆ, ಕೈ ನೀರಿನ ಮೇಲೆ. ದಾರದ ಕಲೆ ಎಷ್ಟು ಕೈಗೆ ಹತ್ತಿತೆಂದರೆ ಅವಳ ಮರದ ತುಂಡು ತೇಲುವುದೇನು, ಅಂಗಾತ ಈಜುತ್ತಿತ್ತು. ಇನ್‌ಸ್ಪೆಕ್ಟರ್ ದಿನಾ ಪೆನ್ಸಿಲಿನಿಂದ ಅಂಕ ಹಾಕುತ್ತಿದ್ದ: ಎಪ್ಪತ್ತು, ಎಪ್ಪತ್ತೆಂಟು, ಎಂಬತ್ತಮೂರು. ಧ್ವನಿ ಮಾತ್ರ ಕೆಲಸವಿಲ್ಲದೆ ಇನ್ನಷ್ಟು ಒಳಗೆ ಸರಿದು, ಮನೆಯಲ್ಲಿ ನೀರು ಬೇಕೆಂದರೂ ಚೀಟಿ ಬರೆದು ಕೊಡುವ ಮಟ್ಟಕ್ಕೆ ಬಂತು.

ಪರೀಕ್ಷೆಯ ಹಿಂದಿನ ದಿನ ಅವಳು ನಲ್ಲಿಯ ಹತ್ತಿರ ಬಕೆಟ್ಟು ತೊಳೆಯುತ್ತಿದ್ದಾಗ ತಪ್ಪು ಉತ್ತರದ ಹುಡುಗಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಮಿಸ್, ಒಂದು ಮಾತು ಕೇಳ್ಲಾ?"

"ಕೇಳು."

"ನಾನು ಹೇಳೋದು ನಿಜವಾಗ್ಲೂ ತಪ್ಪಾ?"

ಅವಳು ನಲ್ಲಿ ನಿಲ್ಲಿಸಿದಳು.

"ದಾರ ಇಲ್ದಿದ್ರೆ ಅದು ಮುಳುಗೇ ಮುಳುಗುತ್ತೆ. ನಾನೂ ದಿನಾ ಮುಳುಗುತ್ತೆ ಅಂತೀನಿ. ಎಲ್ರೂ ನಗ್ತಾರೆ. ನನಗೇ ಈಗ ಅನುಮಾನ ಮಿಸ್. ಮೊನ್ನೆ ಅಣ್ಣ, ಹೊರಗೆ ಮಳೆ ಇದೆಯಾ ನೋಡು ಅಂದ. ಹೋಗಿ ನೋಡ್ದೆ, ಬಿಸಿಲು. ಆದ್ರೂ ಬಿಸಿಲು ಅಂತ ಹೇಳೋಕೆ ಬಾಯೇ ಬರ್ಲಿಲ್ಲ. ನಾನು ಹೇಳಿದ್ರೆ ತಪ್ಪೇ ಇರ್ಬೇಕು ಅನ್ನಿಸ್ತು. ನೀನೇ ನೋಡ್ಕೋ ಅಂದ್ಬಿಟ್ಟೆ."

ಪಿಸುಪಿಸು ಮಿಸ್ ಬಕೆಟ್ಟಿನ ಹಿಡಿಯನ್ನು ಬಲಕ್ಕೆ ಎಡಕ್ಕೆ ಸುಮ್ಮನೆ ತಿರುಗಿಸಿದಳು. ಬಾಯಿ ಬಾರದೆ ನಿಲ್ಲುವುದೆಂದರೇನೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ನಾಳೆ ಪರೀಕ್ಷೆ ಕಣೇ," ಎಂದಳು ಕೊನೆಗೆ. "ಆ ಹತ್ತು ಅಂಕ ಹೋದ್ರೆ..."

"ಅಯ್ಯೋ ಗೊತ್ತು ಮಿಸ್. ನೀವು ಹೆದರ್ಬೇಡಿ. ನಾನು ಮರೀದೆ ತಪ್ಪು ಹೇಳ್ತೀನಿ," ಎಂದು ಹುಡುಗಿಯೇ ಅವಳಿಗೆ ಧೈರ್ಯ ಹೇಳಿ, ಬಕೆಟ್ಟನ್ನು ತಾನೇ ಎತ್ತಿಕೊಂಡು ಹೋದಳು.

ಮಾರನೇ ದಿನ ಪರೀಕ್ಷಕರು ಬಂದರು. ಅವರ ಹುಬ್ಬು ಎಷ್ಟು ದಟ್ಟವೆಂದರೆ ಎರಡು ಗುಬ್ಬಿಗಳು ಅಲ್ಲಿ ಸಂಸಾರ ಹೂಡಿದ್ದವು. ಹಿಂದಿನ ಬೆಂಚಿನಲ್ಲಿ ಸಹಿ ಮೇಷ್ಟ್ರ ಪಕ್ಕ ಕೂತು, ಅಂಕಪಟ್ಟಿ ತೊಡೆಯ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದರು. ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಹೊಳೆ, ದೋಣಿ, ಜಾಣರು, ನಾಲ್ಕು ಹೆಜ್ಜೆ, ಮೊಳೆ, ಗೋಲಿ, ಬೆಂಡು. ಪೆನ್ನು ಅಂಕದ ಮೇಲೆ ಅಂಕ ಬರೆಯುತ್ತಿತ್ತು.

"ಮರದ ತುಂಡನ್ನು ನೀರಿಗೆ ಹಾಕಿದರೆ ಏನಾಗುತ್ತದೆ?"

"ಮುಳುಗುತ್ತೆ ಮಿಸ್," ಎಂದಳು ಹುಡುಗಿ. ಮೂರು ಸೆಕೆಂಡು ನಗು.

ಆಗ, ಮಹಾಜನಗಳೇ, ನಮ್ಮ ಪಿಸುಪಿಸು ಮಿಸ್ ಏನು ಮಾಡಿದಳು ಗೊತ್ತೇ? ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಬೆರಳಿನಿಂದ ಉಂಗುರ ಕಿತ್ತು, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ಪರೀಕ್ಷಕರ ಕಾಲ ಬುಡಕ್ಕೆ ಎಸೆದಳು! ಮರದ ತುಂಡು ಡುಬುಕ್ಕೆಂದಿತು. "ತೇಲಿತು ಮಿಸ್!" ಎಂದು ತರಗತಿ ಕೂಗಿತು. "ಇಲ್ಲ!" ಎಂದಳು ಅವಳು. ಮೂವತ್ತು ದಿನ ಕೂಡಿಟ್ಟ ಧ್ವನಿಯೆಲ್ಲ ಒಟ್ಟಿಗೆ ಹೊರಬಂತು ನೋಡಿ! ಬೋರ್ಡು ಅಡ್ಡಡ್ಡ ಸೀಳಿತು. ಹಿಂದಿನ ವರ್ಷ ವೈದ್ಯರ ಮನೆಗೆ ಓಡಿದ್ದವರಿಗೆ, ಅವರು ಎಲ್ಲಿದ್ದರೋ ಅಲ್ಲೇ, ಕಿವಿ ನೆಟ್ಟಗಾಯಿತು.

"ಮುಳುಗಿದೆ! ಅವಳು ಹೇಳಿದ್ದೇ ಸರಿ! ಬಂದು ನೋಡ್ರೋ ಎಲ್ಲರೂ!"

"ಮಿಸ್, ಇದು ಯೋಜನೆಯಲ್ಲಿಲ್ಲ!" ಇನ್‌ಸ್ಪೆಕ್ಟರಿನ ಕಿವಿಯಿಂದ ಪೆನ್ಸಿಲ್ ಜಾರಿತು. "ಅದು ಯಾಕೆ ಮುಳುಗಿತು? ಅದಕ್ಕೆ ನಾವು ಹೇಳ್ಬೇಕಾದ ಉತ್ತರ ಏನು?"

"ನನಗೂ ಗೊತ್ತಿಲ್ಲ ಕಣೋ. ಬಾ, ಹುಡುಕೋಣ!"

ಅಷ್ಟು ಸಾಕಾಯಿತು. ನಲವತ್ತೊಂದು ಮಕ್ಕಳು ಬಕೆಟ್ಟಿಗೆ ಮುತ್ತಿದರು. ಸ್ಕೇಲು ಹಾಕಿದರು, ತೇಲಿತು. ಡಸ್ಟರು ಹಾಕಿದರು, ತೇಲಿ, ಯೋಚಿಸಿ, ಮುಳುಗಿತು. ಬೆಂಚು ಹಾಕಿದರು, ಬಾಗಿಲು ಕಿತ್ತು ಹಾಕಿದರು, ಸಹಿ ಮೇಷ್ಟ್ರನ್ನು ಕುರ್ಚಿಸಮೇತ ಹಾಕಿದರು. ಮೇಷ್ಟ್ರು ತೇಲುತ್ತಲೇ ನೀರಿನ ಮೇಲೆ ಸಹಿ ಹಾಕಿದರು. ಪರೀಕ್ಷಕರು ಹುಬ್ಬಿನ ಗುಬ್ಬಿಗಳನ್ನು ಹಾರಿಬಿಟ್ಟು, ತಾವೂ ಪ್ಯಾಂಟು ಮಡಿಚಿ ಬಕೆಟ್ಟಿಗೆ ಇಳಿದರು. ಇಳಿದವರು ಅಲ್ಲಿಂದಲೇ ಗಳಗಳನೆ ಅತ್ತು, "ಇಂಥ ಪಾಠವನ್ನು ನಾನು ಕಂಡಿಲ್ಲ, ಕೇಳಿಲ್ಲ!" ಎಂದು ನೂರಕ್ಕೆ ನೂರ ನಲವತ್ತು ಅಂಕ ಕೊಟ್ಟು, ಮೆರವಣಿಗೆಯಲ್ಲಿ ಅವಳನ್ನು...

"ಮಾವ, ಏನಿದು?"

ಹೆಗಲ ಹಿಂದೆ ನನ್ನ ಅಕ್ಕನ ಮಗಳು ನಿಂತಿದ್ದಾಳೆ. ಯಾವಾಗ ಬಂದಳೋ. ಕೈಯಲ್ಲಿ ತಿದ್ದುವ ಕೆಂಪು ಪೆನ್ನಿದೆ.

"ಕಥೆ," ಎಂದೆ.

"ಯಾರದ್ದು?"

"ಯಾರೋ ಒಬ್ಬ ಮಿಸ್ಸಿಂದು."

ಅವಳು ಹಾಳೆಗಳನ್ನು ಮೊದಲಿನಿಂದ ಓದಿದಳು. ಒಂದೆರಡು ಕಡೆ ನಕ್ಕಳು. ಕೊನೆಯ ಹಾಳೆಗೆ ಬಂದಾಗ ನಗು ನಿಲ್ಲಿಸಿದಳು.

"ಪರೀಕ್ಷಕರು ಬಕೆಟ್ಟಿಗೆ ಇಳಿದ್ರಾ?"

"ಒಂದು ಕಾಲು ಮಾತ್ರ."

"ಮಾವ."

"ಇಳೀಲಿಲ್ಲ."

"ನಾನು ದಾರ ಕಚ್ಚಿ ಹರಿದ್ನಾ? ನಾನು ಹಾಗಂತ ನಿಮಗೆ ಹೇಳಿದ್ನಾ?"

"ಇಲ್ಲ."

"ನೀವು ಆ ಶಾಲೆ ಗೇಟಾದ್ರೂ ನೋಡಿದೀರಾ?"

"ಬಸ್ಸಲ್ಲಿ ಹೋಗ್ತಾ..."

"ಮಾವ!"

"ನೋಡಿಲ್ಲ ಮಾರಾಯ್ತಿ."

"ಹಾಗಾದ್ರೆ ಸರಿಯಾಗಿ ಬರೀರಿ," ಎಂದು ಎದುರಿನ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬರೆಯುತ್ತೇನೆ.

ನೀರು ತುಂಬಿ ಭಾರವಾದ ಮರದ ತುಂಡು ನಿಜ. ದಾರ ನಿಜ, ಹುಡುಗಿ ನಿಜ. ದಾರವನ್ನು ಅವಳು ಹರಿಯಲಿಲ್ಲ. ಹುಡುಗಿ "ಮುಳುಗುತ್ತೆ ಮಿಸ್" ಎಂದ ಮೇಲೆ ತುಂಡನ್ನು ನೀರಿಗೆ ಬಿಟ್ಟಾಗ ಬೆವರಿದ ಬೆರಳಿನಿಂದ ಉಂಗುರ ಜಾರಿ, ತುಂಡು ತಳಕ್ಕೆ ಹೋಯಿತು. ಅದು ಶೌರ್ಯವಲ್ಲ, ಬೆವರು. ಉಂಗುರ ಬಕೆಟ್ಟಿನ ಅಂಚಿಗೆ ಸಿಕ್ಕಿ ನೇತಾಡುತ್ತಿತ್ತು. ಇನ್‌ಸ್ಪೆಕ್ಟರ್ ಅದನ್ನು ತೋರಿಸಿ, "ಮಿಸ್, ಇಲ್ಲೇ ಇದೆ, ಬೇಗ ಹಾಕ್ಕೊಳ್ಳಿ," ಎಂದು ಪಿಸುಗುಟ್ಟಿದ. ಕೈ ಚಾಚಿದರೆ ಸಿಗುತ್ತಿತ್ತು. ಪರೀಕ್ಷಕರು ಆಗ ಬರೆಯುತ್ತಿದ್ದರು, ನೋಡುತ್ತಲೂ ಇರಲಿಲ್ಲ. ಅವಳು ಕೈ ಚಾಚಲಿಲ್ಲ.

"ಮುಳುಗಿದೆ, ಅವಳು ಹೇಳಿದ್ದು ಸರಿ," ಎಂದದ್ದು ಎರಡನೇ ಬೆಂಚಿನವರೆಗೆ ಕೇಳಿಸಿತು. ಇನ್ನೊಮ್ಮೆ ಹೇಳಿದಾಗ ನಾಲ್ಕನೇ ಬೆಂಚಿನವರೆಗೆ. ಬಕೆಟ್ಟಿಗೆ ಬಿದ್ದದ್ದು ಒಂದು ಸ್ಕೇಲು, ಒಂದು ಡಸ್ಟರು, ಅಷ್ಟೇ. ಪೆಟ್ಟಿಗೆಯಲ್ಲಿಲ್ಲದ ವಸ್ತು ಬಳಸಿದ್ದಕ್ಕೆ ಐದು ಅಂಕ ಹೋಯಿತು. ತಪ್ಪು ತಿದ್ದಿದ್ದಕ್ಕೆ ಸೊನ್ನೆ, ತಪ್ಪೇ ಇರಲಿಲ್ಲವಲ್ಲ. ಪರೀಕ್ಷಕರು ಅಳಲಿಲ್ಲ, "ಪಾಠ ಯೋಜನೆಯಂತೆ ನಡೆಯಲಿಲ್ಲ" ಎಂದು ಬರೆದು ಎದ್ದುಹೋದರು. ಒಟ್ಟು ಐವತ್ತೊಂದು. ಸಹಿ ಮೇಷ್ಟ್ರು ಎಲ್ಲವನ್ನೂ ನೋಡಿ, ಅವತ್ತೊಂದು ದಿನ ಸಹಿ ಹಾಕಲು ಮರೆತರು. ಮಾರನೇ ದಿನ ಅವಳೇ ಹೋಗಿ ಹಾಕಿಸಿಕೊಂಡು ಬಂದಳು.

"ಆ ಹುಡುಗಿದು ಬಿಟ್ರಿ," ಎನ್ನುತ್ತಿದ್ದಾಳೆ ಅಕ್ಕನ ಮಗಳು.

ಬಿಟ್ಟಿಲ್ಲ. ಅದನ್ನು ದೊಡ್ಡದು ಮಾಡಿ ಬರೆಯಲು ಬಹಳ ಹೊತ್ತಿನಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ. "ಅವಳು ಹೇಳಿದ್ದು ಸರಿ" ಎಂದು ಮಿಸ್ ಹೇಳಿದಾಗ ಆ ಹುಡುಗಿಯೇ ನಂಬಲಿಲ್ಲ. ಎದ್ದು ಬಂದು, ತೋಳು ಮಡಿಚಿ, ಮೊಣಕೈವರೆಗೆ ನೀರಿಗೆ ಕೈ ಹಾಕಿ, ತಳದಲ್ಲಿದ್ದ ಮರದ ತುಂಡನ್ನು ತುಂಬ ಹೊತ್ತು ತಡವಿ ನೋಡಿದಳಂತೆ. ಆಮೇಲೆ ಯಾರ ಕಡೆಗೂ ನೋಡದೆ, "ಹೂಂ, ಮುಳುಗಿದೆ," ಎಂದಳಂತೆ. ಅವತ್ತು ಯಾರೂ ನಗಲಿಲ್ಲ. ಇಷ್ಟೇ ನಡೆದದ್ದು.